ಇದು ಯಾವ ಶಾಖೆಯ ಮಾತು?

"ರಾತ್ರಿ ಒಂದು ಗಂಟೆಗೂ ನಿನ್ನ ರೂಮಲ್ಲಿ ದೀಪ ಉರೀತಿತ್ತಲ್ಲಮ್ಮಾ. ಪರೀಕ್ಷೆ ಗಿರೀಕ್ಷೆ ಏನಾದ್ರೂ ಕಟ್ಟಿದೀಯಾ?"

ಪಕ್ಕದ ಮನೆ ಅಂಕಲ್‌ಗೆ ನಿದ್ದೆ ಕಡಿಮೆ, ಕುತೂಹಲ ಜಾಸ್ತಿ. ಸಚಿವಾಲಯದಲ್ಲಿ ಶಾಖಾಧಿಕಾರಿಯಾಗಿದ್ದು ನಿವೃತ್ತರಾದವರು. ವಿಧಾನಸೌಧ, ಆಮೇಲೆ ಎಂ.ಎಸ್. ಬಿಲ್ಡಿಂಗು, ಮತ್ತೆ ವಿಧಾನಸೌಧ ಅಂತ ಇಡೀ ಸರ್ವಿಸನ್ನು ಅರ್ಧ ಮೈಲಿಯೊಳಗೇ ಮುಗಿಸಿದ ಪುಣ್ಯಾತ್ಮರು. ನಾನು ಕಾಫಿ ಲೋಟ ಹಿಡಿದು ಕಾಂಪೌಂಡಿನ ಹತ್ತಿರ ಬರುವ ಹೊತ್ತಿಗೆ ಅವರು ಪೇಪರಿನ ಕೊನೇ ಪುಟಕ್ಕೆ ಬಂದಿರುತ್ತಾರೆ. ಅಲ್ಲಿಂದ ಮುಂದಿನ ಸುದ್ದಿಗೆ ನಾನೇ ಗತಿ.

"ಪರೀಕ್ಷೆ ಅಲ್ಲ ಅಂಕಲ್, ಲಾಗ್ ಓದ್ತಾ ಇದ್ದೆ."

"ಅದೇನದು?"

"ಪ್ರೋಗ್ರಾಂ ಓಡ್ತಾ ಓಡ್ತಾ ತಾನು ಏನೇನು ಮಾಡಿದೆ ಅಂತ ಬರ್ಕೊಂಡು ಹೋಗತ್ತೆ. ಎಲ್ಲೋ ಎಡವಟ್ಟಾದ್ರೆ ನಾವು ಅದನ್ನ ಓದಿ ಹುಡುಕಬೇಕು."

"ಟಿಪ್ಪಣಿ ಬರೆಯತ್ತೆ ಅನ್ನು."

"ಟಿಪ್ಪಣೀನೇ. ಆದ್ರೆ ಇಡೀ ಸಚಿವಾಲಯ ಒಂದೇ ಹಾಳೇಲಿ ಬರೆದ ಟಿಪ್ಪಣಿ."

"ಯಾವ ಶಾಖೆ ಅಂತ ಹಾಕಿರಲ್ವಾ?"

ಇಲ್ಲ ಅಂದೆ. ಅವರು ಪೇಪರನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡರು. ವಿಷಯ ಗಂಭೀರ ಅಂತ ಅವರಿಗೆ ಅನಿಸಿದಾಗ ಹಾಗೆ ಮಾಡುತ್ತಾರೆ.

ನಮ್ಮ ಕಸುಬಿನ ಒಂದು ಗುಟ್ಟನ್ನು ಇಲ್ಲಿ ಬಿಚ್ಚಲೇಬೇಕು. ಜಾವಾಸ್ಕ್ರಿಪ್ಟ್ ಬರೆಯುವವರು ಎಷ್ಟೇ ದೊಡ್ಡ ಸಂಬಳದವರಾಗಲಿ, ಕೋಡು ಕೈಕೊಟ್ಟಾಗ ಮೊದಲು ಮಾಡುವುದು ಒಂದೇ ಕೆಲಸ. ಅನುಮಾನ ಬಂದ ಜಾಗದಲ್ಲೆಲ್ಲ ಲಾಗ್ ಬರೆಸುವ ಒಂದೊಂದು ಕನ್ಸೋಲ್.ಲಾಗ್ ತುರುಕುವುದು. ಪಕ್ಕಾ ಡೀಬಗರ್ ಇದೆ, ಸಾಲು ಸಾಲಿಗೂ ನಿಲ್ಲಿಸಿ ನೋಡಬಹುದು, ತರಬೇತಿಯಲ್ಲಿ ಎಲ್ಲರೂ ಕಲಿತಿರುತ್ತಾರೆ. ಆದರೂ ಕೈ ತಾನಾಗಿ ಹೋಗುವುದು ಕನ್ಸೋಲ್.ಲಾಗ್ ಕಡೆಗೇ. ಅದರೊಳಗೆ ಬರೆಯುವ ಮಾತು ಕೇಳಬೇಕು ನೀವು. 'ಹಿಯರ್', 'ಹಿಯರ್ 2', '1111', 'ಆಆಆ'. ಬೆಂಗಳೂರಿನ ಕೋಡಾದರೆ 'ಬಂತು', 'ಇಲ್ಲಿಗೂ ಬಂತು', 'ಯಾಕೆ ಬಂತು'. ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ 'ಅಯ್ಯೋ ರಾಮ' ಎಂಬ ಲಾಗು ಪ್ರೊಡಕ್ಷನ್ನಿನಲ್ಲೇ ವರ್ಷಗಟ್ಟಲೆ ಮುದ್ರಣವಾಗುತ್ತಿತ್ತು. ಬರೆದವನು ಯಾವತ್ತೋ ಕೆಲಸ ಬಿಟ್ಟಿದ್ದ. ತೆಗೆದರೆ ಇನ್ನೇನಾದರೂ ಕೆಟ್ಟೀತು ಎಂದು ಯಾರೂ ಮುಟ್ಟುತ್ತಿರಲಿಲ್ಲ. ರಾಮನ ಹೆಸರಿನಲ್ಲಿ ಏನು ಆಪತ್ತು ಬಂದಿತ್ತು ಅಂತ ಕೊನೆಗೂ ಯಾರಿಗೂ ಗೊತ್ತಾಗಲಿಲ್ಲ.

ಬರೆದ ದಿನ 'ಬಂತು' ಎಂದರೆ ಏನು ಬಂತು, ಎಲ್ಲಿಗೆ ಬಂತು ಎಂಬುದು ಬರೆದವನಿಗೆ ಗೊತ್ತಿರುತ್ತದೆ. ತೊಂದರೆ ಶುರುವಾಗುವುದು ಪಕ್ಕದ ಟೇಬಲಿನವನೂ ಇನ್ನೊಂದು ಫೈಲಿನಲ್ಲಿ 'ಬಂತು' ಎಂದು ಬರೆದಾಗ. ಕ್ರೋಮ್ ಬ್ರೌಸರಿಗೆ ಒಂದು ಒಳ್ಳೆಯ ಬುದ್ಧಿ ಇದೆ: ಒಂದೇ ಮಾತು ಒಂದೇ ಜಾಗದಿಂದ ಮತ್ತೆ ಮತ್ತೆ ಬಂದರೆ ಸಾಲು ಸಾಲು ಬರೆಯದೆ ಪಕ್ಕದಲ್ಲಿ ಒಂದು ಅಂಕಿ ಹಾಕಿ ಏರಿಸುತ್ತಾ ಹೋಗುತ್ತದೆ. 'ಬಂತು' 346. ಬಂದದ್ದು ನಿಜ, ಸ್ವಾಮಿ. ಬಂದವರು ಯಾರು?

ಇದನ್ನೆಲ್ಲ ಹೇಳಿದ ಮೇಲೆ ಅಂಕಲ್ ಕೇಳಿದ್ದು, "ಮೊದಲಿಂದಲೂ ಹಿಂಗೇನಾ ನಿಮ್ದು?"

ಮೊದಲು ಇನ್ನೂ ಘೋರ. ನೆಟ್‌ಸ್ಕೇಪ್‌ಗಾಗಿ 1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯನ್ನು ಹತ್ತೇ ದಿನದಲ್ಲಿ ಕಟ್ಟಿದ್ದು ಎಲ್ಲರಿಗೂ ಗೊತ್ತಿರುವ ಕತೆ. ಆ ಹತ್ತು ದಿನದಲ್ಲಿ ತಪ್ಪು ಹುಡುಕುವವರ ಗತಿಯೇನು ಎಂದು ಯೋಚಿಸಲು ಪುರುಸೊತ್ತಾದರೂ ಎಲ್ಲಿತ್ತು? ಬಹಳ ಕಾಲ ನಮ್ಮ ಹಿರಿಯರು ಅಲರ್ಟ್ ಡಬ್ಬಿ ಎಬ್ಬಿಸಿಯೇ ತಪ್ಪು ಹುಡುಕುತ್ತಿದ್ದರು. ಪರದೆಯ ನಡುವೆ ಡಬ್ಬಿ ಏಳುತ್ತದೆ, ಓಕೆ ಒತ್ತುವವರೆಗೂ ಪುಟ ಕದಲುವುದಿಲ್ಲ. ಅದನ್ನೇನಾದರೂ ನೂರು ಸಲ ತಿರುಗುವ ಲೂಪಿನೊಳಗೆ ಹಾಕಿದರೆ ನೂರು ಸಲ ಓಕೆ ಒತ್ತಬೇಕು. 2006ರಲ್ಲಿ ಜೋ ಹ್ಯೂವಿಟ್ ಎಂಬಾತ ಫೈರ್‌ಫಾಕ್ಸಿಗೆ ಫೈರ್‌ಬಗ್ ಎಂಬ ಉಪಕರಣ ಬರೆದ ಮೇಲೆ ಕನ್ಸೋಲ್.ಲಾಗ್ ಜನರ ಬಾಯಿಗೆ ಬಂತು. ಉಳಿದ ಬ್ರೌಸರುಗಳೂ ಅದನ್ನೇ ಅನುಸರಿಸಿದವು.

ಇಂಟರ್ನೆಟ್ ಎಕ್ಸ್‌ಪ್ಲೋರರ್ ಮಾತ್ರ ತನ್ನದೇ ಒಂದು ವರಸೆ ತೆಗೆಯಿತು. ಅದರ 8 ಮತ್ತು 9ನೇ ಆವೃತ್ತಿಗಳಲ್ಲಿ ಡೆವಲಪರ್ ಕಿಟಕಿ ತೆರೆದಿದ್ದರೆ ಮಾತ್ರ ಕನ್ಸೋಲ್ ಎಂಬುದು ಇರುತ್ತಿತ್ತು. ಮುಚ್ಚಿದ್ದರೆ ಅಂಥದೊಂದು ವಸ್ತುವೇ ಇಲ್ಲ, ಕರೆದರೆ ಕೋಡು ಅಲ್ಲೇ ಕುಸಿಯುತ್ತಿತ್ತು. ಗಿರಾಕಿ ಫೋನ್ ಮಾಡಿ 'ಪುಟ ಕೆಲಸ ಮಾಡ್ತಿಲ್ಲ' ಅನ್ನುತ್ತಾನೆ. ನಾವು ಏನಾಗಿದೆ ನೋಡೋಣ ಎಂದು ಕಿಟಕಿ ತೆರೆಯುತ್ತೇವೆ. ತೆರೆದ ಕೂಡಲೇ ಎಲ್ಲ ಸರಿಯಾಗಿ ನಡೆಯುತ್ತದೆ! ತಪ್ಪು ಹುಡುಕಲೆಂದು ಬರೆದ ಸಾಲೇ ತಪ್ಪು, ಹುಡುಕಲು ಹೊರಟರೆ ಅದು ಮಾಯ.

"ಇನ್‌ಸ್ಪೆಕ್ಷನ್‌ಗೆ ಸಾಹೇಬ್ರು ಬಂದ ದಿನ ಎಲ್ಲಾ ಸೀಟಲ್ಲೇ ಇರ್ತಾರೆ," ಅಂದರು ಅಂಕಲ್. ಈ ರೋಗ ಅವರಿಗೆ ಹೊಸದಲ್ಲ.

ಆಮೇಲೆ ಅವರೇ ಮದ್ದನ್ನೂ ಹೇಳಿದರು. ಸಚಿವಾಲಯದಿಂದ ಹೊರಡುವ ಯಾವ ಆದೇಶವನ್ನಾದರೂ ತೆಗೆದು ನೋಡಿ, ನೆತ್ತಿಯ ಮೇಲೆ ಒಂದು ಸಂಖ್ಯೆ ಇರುತ್ತದೆ. 'ಕಂಇ' ಎಂದು ಶುರುವಾದರೆ ಕಂದಾಯ ಇಲಾಖೆ. 'ಆಇ' ಎಂದರೆ ಆರ್ಥಿಕ. 'ನಅಇ' ನಗರಾಭಿವೃದ್ಧಿ. 'ಸಿಆಸುಇ' ಎಂದು ನಾಲಿಗೆ ತೊಡರಿದರೆ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ. ಅದರ ಮುಂದೆ ಕಡತದ ಅಂಕಿ, ವಿಷಯದ ಸಂಕ್ಷೇಪ, ಕೊನೆಗೆ ವರ್ಷ. ಕಾಗದದಲ್ಲಿ ಏನು ಬರೆದಿದೆ ಎಂದು ಓದುವ ಮೊದಲೇ ಅದು ಯಾರ ಮನೆಯ ಕೂಸು ಎಂಬುದು ಗೊತ್ತಾಗುತ್ತದೆ. "ಟಪ್ಪಾಲಿನವನು ಏಳನೇ ಕ್ಲಾಸು ಓದಿರಲಿ ಸಾಕು, ಯಾವ ಕಾಗದ ಯಾವ ಟೇಬಲ್ಲಿಗೆ ಅಂತ ವಿಂಗಡಿಸಿಬಿಡ್ತಾನೆ. ಒಳಗೆ ಏನಿದೆ ಅಂತ ಅವನು ಓದಬೇಕಾಗೇ ಇಲ್ಲ. ನಿಮ್ಮಲ್ಲಿ ಇಂಜಿನಿಯರಿಂಗ್ ಓದಿದವರು ರಾತ್ರಿ ಒಂದು ಗಂಟೆವರೆಗೂ ಕೂತು ಓದ್ತೀರಿ."

ಚುಚ್ಚಿದರು, ಆದರೆ ಸರಿಯಾದ ಜಾಗಕ್ಕೇ ಚುಚ್ಚಿದರು. ನಮ್ಮಲ್ಲೂ ಇದಕ್ಕೆ ಮದ್ದು ಬಂದು ಹತ್ತು ವರ್ಷದ ಮೇಲಾಯಿತು. ಡೀಬಗ್ ಎಂಬ ಹೆಸರಿನ ಪುಟ್ಟ ಲೈಬ್ರರಿ, ಎಕ್ಸ್‌ಪ್ರೆಸ್ ಎಂಬ ಪ್ರಸಿದ್ಧ ಸರ್ವರ್ ಚೌಕಟ್ಟನ್ನು ಬರೆದ ಟಿ.ಜೆ. ಹೊಲೊವೈಚಕ್ ಅವರೇ ಇದನ್ನೂ ಬರೆದದ್ದು. ಉಪಾಯ ಬಹಳ ಸರಳ. ಪ್ರತಿ ಫೈಲಿನ ತಲೆಯಲ್ಲಿ ಒಂದು ಹೆಸರು ಕೊಟ್ಟು ಲಾಗ್ ಬರೆಯುವ ಫಂಕ್ಷನ್ನೊಂದನ್ನು ಪಡೆಯಬೇಕು: 'ಅಂಗಡಿ:ಪಾವತಿ', 'ಅಂಗಡಿ:ಬುಟ್ಟಿ', 'ಅಂಗಡಿ:ಲಾಗಿನ್'. ಮುಂದೆ ಆ ಫೈಲಿನಲ್ಲಿ ಬರೆಯುವ ಪ್ರತಿ ಮಾತಿಗೂ ಆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ನಡುವೆ ವಿಸರ್ಗದ ಹಾಗೆ ಕಾಣುವ ಎರಡು ಚುಕ್ಕೆಗೆ ಎಡಕ್ಕೆ ಇಲಾಖೆ, ಬಲಕ್ಕೆ ಶಾಖೆ.

ಇದರ ನಿಜವಾದ ಸುಖ ಇರುವುದು ಸುಮ್ಮನಿರಿಸುವುದರಲ್ಲಿ. ಏನೂ ಹೇಳದಿದ್ದರೆ ಈ ಲೈಬ್ರರಿ ತುಟಿ ಬಿಚ್ಚುವುದಿಲ್ಲ. ಸಾವಿರ ಕಡೆ ಲಾಗ್ ಬರೆದಿಟ್ಟಿರಿ, ಮೌನ. ಸರ್ವರಿನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್‌ನಲ್ಲಿ ಪ್ರೋಗ್ರಾಂ ನಡೆಸುವಾಗ ಡೀಬಗ್ ಎಂಬ ಎನ್ವಿರಾನ್‌ಮೆಂಟ್ ವೇರಿಯೇಬಲ್ಲಿಗೆ 'ಅಂಗಡಿ:ಪಾವತಿ' ಎಂದು ಕೊಟ್ಟರೆ ಪಾವತಿಯವರು ಮಾತ್ರ ಮಾತಾಡುತ್ತಾರೆ. 'ಅಂಗಡಿ:*' ಎಂದರೆ ಇಡೀ ಇಲಾಖೆ ಬಾಯಿ ಬಿಡುತ್ತದೆ. ಎಲ್ಲರೂ ಮಾತಾಡಲಿ, ಆ ಬುಟ್ಟಿಯವನೊಬ್ಬ ಮಾತ್ರ ಬೇಡ ಅನ್ನಿಸಿದರೆ ಅವನ ಹೆಸರಿನ ಹಿಂದೆ ಒಂದು ಮೈನಸ್ ಗೆರೆ ಹಾಕಿದರಾಯಿತು. ಎಕ್ಸ್‌ಪ್ರೆಸ್ ಕೂಡ ಒಳಗೊಳಗೇ ಇದನ್ನೇ ಬಳಸುತ್ತದೆ. ಅದರ 4ನೇ ಆವೃತ್ತಿಯಲ್ಲಿ 'ಎಕ್ಸ್‌ಪ್ರೆಸ್:*' ಎಂದು ಬರೆದು ಸರ್ವರ್ ಓಡಿಸಿ, ನೀವು ಬರೆದ ರೂಟುಗಳನ್ನು ಅದು ಯಾವ ಕ್ರಮದಲ್ಲಿ ಹೊಂದಿಸಿ ನೋಡುತ್ತದೆ ಎಂದು ತಾನೇ ಹೇಳುತ್ತದೆ. ನಮ್ಮ ರೂಟು ಯಾಕೆ ಸಿಗುತ್ತಿಲ್ಲ ಎಂದು ಅರ್ಧ ದಿನ ತಲೆ ಕೆರೆದುಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಈ ಒಂದು ಪದದ ಕೀಲಿ ಗೊತ್ತಿದೆಯೋ ಕಾಣೆ.

ಪ್ರತಿ ಹೆಸರಿಗೂ ಒಂದೊಂದು ಬಣ್ಣವನ್ನು ಅದೇ ಆರಿಸಿ ಕೊಡುತ್ತದೆ. ಸಾಲಿನ ಕೊನೆಯಲ್ಲಿ, ಅದೇ ಹೆಸರಿನ ಹಿಂದಿನ ಸಾಲು ಬಂದು ಎಷ್ಟು ಮಿಲಿಸೆಕೆಂಡ್ ಆಯಿತು ಎಂಬುದನ್ನೂ ಬರೆಯುತ್ತದೆ. ಈ ಚಿಕ್ಕ ಅಂಕಿಯ ಬೆಲೆ ದೊಡ್ಡದು. ಪಾವತಿಯ ಸಾಲುಗಳು 2, 3, 2 ಎಂದು ಬರುತ್ತಾ ಇದ್ದಕ್ಕಿದ್ದಂತೆ ಒಂದರ ಮುಂದೆ 4 ಸೆಕೆಂಡ್ ಎಂದು ಕಂಡರೆ, ಕಡತ ಯಾವ ಮೇಜಿನ ಮೇಲೆ ಮಲಗಿತ್ತು ಎಂದು ಹುಡುಕುವುದೇ ಬೇಡ.

"ಮಲಗೋ ಮೇಜು ಎಲ್ಲಾ ಕಡೆನೂ ಇರತ್ತೆ ಬಿಡು," ಎಂದರು ಅಂಕಲ್. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಬ್ರೌಸರಿನಲ್ಲಾದರೆ ಲೋಕಲ್ ಸ್ಟೋರೇಜಿನಲ್ಲಿ ಡೀಬಗ್ ಎಂಬ ಹೆಸರಿಗೆ ಅದೇ 'ಅಂಗಡಿ:*' ಕೊಟ್ಟು ಪುಟವನ್ನು ರಿಫ್ರೆಶ್ ಮಾಡಬೇಕು. ಇಲ್ಲಿ ಒಂದು ಗುಂಡಿ ಇದೆ, ಹೊಸಬರೆಲ್ಲ ಬೀಳುವಂಥದ್ದು. ಎಲ್ಲ ಸರಿಯಾಗಿ ಮಾಡಿದರೂ ಕ್ರೋಮಿನಲ್ಲಿ ಒಂದು ಸಾಲೂ ಕಾಣುವುದಿಲ್ಲ. ಲೈಬ್ರರಿ ಕೆಟ್ಟಿದೆ ಎಂದುಕೊಂಡು ಅಳಿಸಿ ಮತ್ತೆ ಹಾಕುತ್ತಾರೆ, ಹಳೆಯ ಆವೃತ್ತಿಗೆ ಹೋಗುತ್ತಾರೆ. ಅಸಲಿ ಕಾರಣ ಇಷ್ಟೆ: ಈ ಲೈಬ್ರರಿ ಬರೆಯುವುದು ಕನ್ಸೋಲ್.ಡೀಬಗ್ ಮೂಲಕ, ಕ್ರೋಮ್ ಆ ಮಟ್ಟದ ಮಾತುಗಳನ್ನು 'ವರ್ಬೋಸ್' ಎಂದು ವಿಂಗಡಿಸಿ ತಾನಾಗಿ ತೋರಿಸುವುದಿಲ್ಲ. ಕನ್ಸೋಲಿನ ಮೇಲ್ಭಾಗದ ಪಟ್ಟಿಯಲ್ಲಿ ವರ್ಬೋಸ್‌ಗೆ ಟಿಕ್ ಹಾಕಿದರೆ ಎಲ್ಲರೂ ಹೊರಗೆ ಬರುತ್ತಾರೆ. ಲೈಬ್ರರಿಯ ಜೊತೆ ಬರುವ ಓದೋಲೆಯಲ್ಲೇ ಇದು ಬರೆದಿದೆ. ಓದೋಲೆಯನ್ನು ಓದುವ ಪದ್ಧತಿ ನಮ್ಮಲ್ಲಿ ಇನ್ನೂ ಬಂದಿಲ್ಲ.

ಇಲ್ಲಿಗೆ ಬಂದಾಗ ಮಟ್ಟಗಳ ಮಾತು ಬಂತು. ಹೀಗೆ ಹೆಸರಿನ ಟ್ಯಾಗ್ ಅಂಟಿಸುವುದು ಯಾಕೆ, ಮಟ್ಟ ಹೇಳುವ ಲೆವೆಲ್ ಇದೆಯಲ್ಲ ಎಂದು ವಾದಿಸುವ ದೊಡ್ಡ ಪಂಗಡವೇ ನಮ್ಮಲ್ಲಿದೆ. ಡೀಬಗ್, ಇನ್ಫೋ, ವಾರ್ನ್, ಎರರ್. ಈ ಸಂಪ್ರದಾಯ ಯೂನಿಕ್ಸಿನ ಸಿಸ್‌ಲಾಗ್ ಕಾಲದಿಂದ ಬಂದದ್ದು. 1980ರ ದಶಕದಲ್ಲಿ ಬರ್ಕ್ಲಿಯಲ್ಲಿ ಎರಿಕ್ ಆಲ್ಮನ್ ತಮ್ಮ ಸೆಂಡ್‌ಮೇಲ್ ಎಂಬ ಅಂಚೆ ಪ್ರೋಗ್ರಾಮಿನ ಜೊತೆಗೆ ಅದನ್ನು ಬರೆದರು. ಅದರಲ್ಲಿ 0ಯಿಂದ 7ರವರೆಗೆ ಎಂಟು ಮಟ್ಟ. ಸೊನ್ನೆ ಎಂದರೆ ಇಡೀ ಯಂತ್ರ ಮಲಗಿದೆ, ಏಳು ಎಂದರೆ ಬರೀ ಡೀಬಗ್ ಹರಟೆ. ಆದರೆ ಮಟ್ಟದ ಹೊಗಳಿಕೆ ಮಾಡುವವರು ಮರೆಯುವುದೇನೆಂದರೆ, ಅದೇ ಸಿಸ್‌ಲಾಗಿನಲ್ಲಿ ಮಟ್ಟದ ಜೊತೆಗೇ ಮಾತು ಯಾರದು ಎಂಬುದಕ್ಕೂ ಜಾಗ ಇತ್ತು: ಕರ್ನಲ್ಲಿನದಾ, ಅಂಚೆಯದಾ, ಬಳಕೆದಾರನದಾ. ಆಲ್ಮನ್ ಎರಡನ್ನೂ ಕೊಟ್ಟರು. ಜಾವಾಸ್ಕ್ರಿಪ್ಟಿನ ಕನ್ಸೋಲಿಗೆ ಬರುವಷ್ಟರಲ್ಲಿ ಮಟ್ಟ ಉಳಿಯಿತು, ಹೆಸರು ಉದುರಿಹೋಯಿತು.

ಮಟ್ಟಕ್ಕೂ ಟ್ಯಾಗಿಗೂ ಇರುವ ವ್ಯತ್ಯಾಸವನ್ನು ನಾನು ಅಂಕಲ್‌ಗೆ ವಿವರಿಸಲು ಹೊರಟೆ. ಅವರೇ ನನಗೆ ವಿವರಿಸಿದರು.

"ಫೈಲಿಗೆ 'ಜರೂರು' ಅಂತ ಚೀಟಿ ಅಂಟಿಸ್ತಿದ್ವಿ. ಮೊದಮೊದಲು ಅದಕ್ಕೆ ಮರ್ಯಾದೆ ಇತ್ತು. ಆಮೇಲೆ ಎಲ್ಲರೂ ಅಂಟಿಸೋಕೆ ಶುರು ಮಾಡಿದ್ರು. ಆಗ 'ಅತಿ ಜರೂರು' ಬಂತು. ಅದನ್ನೂ ಎಲ್ಲರೂ ಅಂಟಿಸಿದ್ರು. ಕೊನೆಗೆ ಚೀಟಿ ಇಲ್ಲದ ಫೈಲು ಬಂದ್ರೆ, ಇದೇನೋ ವಿಶೇಷ ಇರಬೇಕು ಅಂತ ಅದನ್ನೇ ಮೊದಲು ತೆಗೀತಿದ್ದೆ."

ನಮ್ಮಲ್ಲೂ ಹಾಗೇ. ಪ್ರತಿಯೊಬ್ಬನಿಗೂ ತಾನು ಬರೆದ ಸಾಲೇ ಎರರ್. ಮಟ್ಟ ಎಂಬುದು ಬರೆದವನಿಗೆ ತನ್ನ ಮಾತಿನ ಬಗ್ಗೆ ಇರುವ ಅಭಿಪ್ರಾಯ. ಅದು ಉಬ್ಬುತ್ತಲೇ ಹೋಗುತ್ತದೆ. ಯಾವ ಶಾಖೆ ಎಂಬುದನ್ನು ಯಾರೂ ಉಬ್ಬಿಸಲಾರರು. ಕಂದಾಯದವನು ಎಷ್ಟೇ ಆತುರದಲ್ಲಿದ್ದರೂ ತನ್ನ ಕಾಗದದ ಮೇಲೆ 'ಆಇ' ಎಂದು ಬರೆದುಕೊಳ್ಳುವುದಿಲ್ಲ. ನನ್ನನ್ನು ಕೇಳಿದರೆ ಎರಡೇ ಮಟ್ಟ ಸಾಕು. ಒಬ್ಬ ಮನುಷ್ಯ ಎದ್ದು ಏನಾದರೂ ಮಾಡಬೇಕಾದದ್ದು ಒಂದು, ಉಳಿದದ್ದೆಲ್ಲ ಇನ್ನೊಂದು. ಮಿಕ್ಕ ವಿಂಗಡಣೆಯನ್ನು ಟ್ಯಾಗಿಗೆ ಬಿಡಬೇಕು. ಮೊಬೈಲ್ ಕೋಡು ಬರೆಯುವ ಗೆಳತಿಯರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ. ಆ್ಯಂಡ್ರಾಯ್ಡಿನಲ್ಲಿ ಲಾಗ್ ಬರೆಯುವಾಗ ಮೊದಲ ಆರ್ಗ್ಯುಮೆಂಟೇ ಟ್ಯಾಗು. ಹಾಕದೆ ಮುಂದೆ ಹೋಗಲು ಬಿಡುವುದಿಲ್ಲ, ಹಳೆಯ ಆವೃತ್ತಿಗಳಲ್ಲಿ ಅದು 23 ಅಕ್ಷರ ಮೀರುವಂತೆಯೂ ಇರಲಿಲ್ಲ. ರೂಬಿಯ ರೈಲ್ಸ್‌ನವರು 3.2ನೇ ಆವೃತ್ತಿಯಲ್ಲೇ ಟ್ಯಾಗ್ ಹಾಕುವ ಲಾಗರನ್ನು ಚೌಕಟ್ಟಿನೊಳಗೇ ಸೇರಿಸಿದರು. ಜಾವಾಸ್ಕ್ರಿಪ್ಟಿನ ನಾವು ಮಾತ್ರ ಇನ್ನೂ 'ಬಂತು'.

ಲೈಬ್ರರಿಯೇ ಬೇಡ ಎನ್ನುವವರಿಗೂ ದಾರಿ ಇದೆ. ನೋಡ್‌ನ ಯುಟಿಲ್ ಮಾಡ್ಯೂಲಿನಲ್ಲಿ ಡೀಬಗ್‌ಲಾಗ್ ಎಂಬುದೊಂದು ಜೊತೆಗೇ ಬರುವ ಸೌಕರ್ಯ ಇದೆ, ಹೆಸರು ಕೊಟ್ಟು ಕರೆದರೆ ಇದೇ ಕೆಲಸ ಮಾಡುತ್ತದೆ. ಬ್ರೌಸರಿಗಾದರೆ ಸ್ವಂತಕ್ಕೆ ಹತ್ತು ಸಾಲು ಬರೆದುಕೊಳ್ಳಬಹುದು. ಬರೆಯುವವರು ಒಂದು ಸೂಕ್ಷ್ಮ ನೋಡಿಕೊಳ್ಳಬೇಕು. ಸಾಮಾನ್ಯವಾಗಿ ಎಲ್ಲರೂ ಬರೆಯುವುದು ಹೀಗೆ: ಟ್ಯಾಗ್ ಮತ್ತು ಮಾತು ತೆಗೆದುಕೊಳ್ಳುವ ಒಂದು ಫಂಕ್ಷನ್, ಅದರೊಳಗೆ ಕನ್ಸೋಲ್.ಲಾಗ್. ಟ್ಯಾಗ್ ಚೆನ್ನಾಗಿಯೇ ಬರುತ್ತದೆ. ಆದರೆ ಕನ್ಸೋಲಿನ ಬಲ ಅಂಚಿನಲ್ಲಿ ಯಾವ ಫೈಲು, ಎಷ್ಟನೇ ಸಾಲು ಎಂದು ಬರುತ್ತದಲ್ಲ, ಅಲ್ಲಿ ಪ್ರತಿ ಸಾಲಿಗೂ 'ಲಾಗರ್ ಫೈಲು, 7ನೇ ಸಾಲು' ಎಂದೇ ತೋರಿಸತೊಡಗುತ್ತದೆ. ಎಲ್ಲ ಆದೇಶಕ್ಕೂ ಟೈಪಿಸ್ಟಿನ ಹೆಸರು ಬಿದ್ದ ಹಾಗೆ. ಇದಕ್ಕೆ ಪರಿಹಾರ ಬೈಂಡ್. ಕನ್ಸೋಲ್.ಲಾಗ್ ಅನ್ನೇ ಟ್ಯಾಗಿನ ಜೊತೆ ಬೈಂಡ್ ಮಾಡಿ ಹಿಂದಿರುಗಿಸಿದರೆ ನಡುವೆ ನಮ್ಮ ಫಂಕ್ಷನ್ ಇರುವುದಿಲ್ಲ, ಬರೆದವನ ಫೈಲೂ ಸಾಲೂ ನೆಟ್ಟಗೆ ಕಾಣುತ್ತವೆ. ಆ ಶಾಖೆಯನ್ನು ಸುಮ್ಮನಿರಿಸಬೇಕೆಂದಿದ್ದರೆ ಅದರ ಬದಲು ಏನೂ ಮಾಡದ ಖಾಲಿ ಫಂಕ್ಷನ್ ಕೊಡುವುದು. ಬಣ್ಣ ಬೇಕೆಂದರೆ ಟ್ಯಾಗಿನ ಹಿಂದೆ ಶೇಕಡಾ ಚಿಹ್ನೆ ಮತ್ತು ಸಿ ಅಕ್ಷರ ಹಾಕಿ ಸಿಎಸ್‌ಎಸ್ ಕೊಟ್ಟರೆ ಕನ್ಸೋಲು ಬಣ್ಣ ಬಳಿಯುತ್ತದೆ. ಅಲ್ಲಿಗೆ ಮುಗಿಯಿತು. ಇದಕ್ಕೂ ಮೇಲೆ ಏನೇ ಸೇರಿಸಲು ಹೊರಟರೂ ಅದು ಇನ್ನೊಂದು ಪ್ರಾಜೆಕ್ಟ್ ಆಗುತ್ತದೆ, ಅದಕ್ಕೊಬ್ಬ ಮ್ಯಾನೇಜರ್ ಬರುತ್ತಾನೆ.

ಟ್ಯಾಗ್ ಹಾಕಿದ ಮೇಲೆ ಏನು ಬರೆಯುತ್ತೀರಿ ಎಂಬುದೂ ಇದೆ. ಆಬ್ಜೆಕ್ಟ್ ಒಂದನ್ನು ಪ್ಲಸ್ ಚಿಹ್ನೆಯಿಂದ ಮಾತಿಗೆ ಜೋಡಿಸಿದರೆ ತೆರೆಯ ಮೇಲೆ 'ಆಬ್ಜೆಕ್ಟ್ ಆಬ್ಜೆಕ್ಟ್' ಎಂದು ಬೀಳುತ್ತದೆ. ಕವರಿನ ಮೇಲೆ 'ಕಾಗದ' ಎಂದು ಬರೆದಂತಾಯಿತು ಅಷ್ಟೆ. ಕಾಮಾ ಹಾಕಿ ಬೇರೆಯಾಗಿ ಕೊಟ್ಟರೆ ಬಿಚ್ಚಿ ನೋಡುವ ಹಾಗೆ ಬರುತ್ತದೆ. ಆದರೆ ಬಿಚ್ಚಿದಾಗ ಕಾಣುವುದು ಬರೆದ ಹೊತ್ತಿನ ಸ್ಥಿತಿಯಲ್ಲ, ನೀವು ಬಿಚ್ಚಿದ ಹೊತ್ತಿನದು! ಪಕ್ಕದಲ್ಲಿ ಪುಟ್ಟ 'ಐ' ಗುರುತು ಹಾಕಿ ಕ್ರೋಮು ಅದನ್ನು ಹೇಳಿಯೇ ಹೇಳುತ್ತದೆ, ನೋಡುವವರು ಯಾರು? ಆ ಹೊತ್ತಿನದೇ ಬೇಕಿದ್ದರೆ ಜೇಸನ್ ಮಾಡಿ ಅಕ್ಷರಕ್ಕಿಳಿಸಿ ಬರೆಯಬೇಕು. ಹಾಗೆ ಇಳಿಸುವ ಕೆಲಸಕ್ಕೆ ಖರ್ಚಿದೆ, ಲಾಗ್ ಸುಮ್ಮನಿದ್ದಾಗಲೂ ಆ ಖರ್ಚು ನಡೆದೇ ಇರುತ್ತದೆ. ಫಂಕ್ಷನ್ ಖಾಲಿಯಿದ್ದರೇನು, ಅದಕ್ಕೆ ಕೊಡುವ ಮಾತನ್ನು ಜಾವಾಸ್ಕ್ರಿಪ್ಟ್ ಮೊದಲೇ ತಯಾರು ಮಾಡಿಬಿಟ್ಟಿರುತ್ತದೆ. ದೊಡ್ಡ ಆಬ್ಜೆಕ್ಟಾದರೆ ಶಾಖೆ ತೆರೆದಿದೆಯೇ ಎಂದು ಮೊದಲು ವಿಚಾರಿಸಿ ಆಮೇಲೆ ಇಳಿಸುವುದು ಜಾಣತನ. ಅದಕ್ಕೆಂದೇ ಡೀಬಗ್ ಲೈಬ್ರರಿಯಲ್ಲಿ ಎನೇಬಲ್ಡ್ ಎಂಬ ಗುಣ ಇದೆ.

"ಅದೆಲ್ಲಾ ಸರಿ," ಎಂದರು ಅಂಕಲ್. "ಕಂದಾಯದ್ದು ಅಂತ ಗೊತ್ತಾಯ್ತು. ಕಂದಾಯದಲ್ಲಿ ನೂರು ಅರ್ಜಿ ಇರತ್ತೆ. ಯಾವ ಅರ್ಜಿ?"

ನಿವೃತ್ತಿಯಾದರೂ ಕಣ್ಣು ಮಂಜಾಗಿಲ್ಲ. ಟ್ಯಾಗಿನ ಮಿತಿಯೇ ಇದು. ಬ್ರೌಸರಿನಲ್ಲಿ ಕೂತಿರುವವರು ಒಬ್ಬರೇ, ಆದ್ದರಿಂದ ಅಲ್ಲಿ ಟ್ಯಾಗ್ ಒಂದೇ ಸಾಕಾಗುತ್ತದೆ. ಸರ್ವರಿನಲ್ಲಿ ಒಂದೇ ಕ್ಷಣ ನೂರಾರು ಜನರ ಕೋರಿಕೆ ಬಂದಿರುತ್ತದೆ. ಒಬ್ಬರದ್ದು ಡೇಟಾಬೇಸಿನ ಉತ್ತರಕ್ಕೆ ಕಾಯುತ್ತಿರುವಾಗ ನೋಡ್ ಇನ್ನೊಬ್ಬರದ್ದನ್ನು ಕೈಗೆತ್ತಿಕೊಳ್ಳುತ್ತದೆ. ಪಾವತಿ ಶಾಖೆಯ ಸಾಲುಗಳೇ ಒಂದರೊಳಗೊಂದು ಹೆಣೆದುಕೊಂಡು ಬರುತ್ತವೆ. ಅದಕ್ಕೇ 'ಕಂಇ'ಯ ಮುಂದೆ 45 ಎಂಬಂಥ ಕಡತದ ಅಂಕಿ ಬೇಕಾದದ್ದು. ನಮ್ಮಲ್ಲಿ ಅದಕ್ಕೆ ರಿಕ್ವೆಸ್ಟ್ ಐಡಿ ಎನ್ನುತ್ತಾರೆ. ಮೊದಲು ಈ ಐಡಿಯನ್ನು ಪ್ರತಿ ಫಂಕ್ಷನ್ನಿಗೂ ಕೈಯಿಂದ ಕೈಗೆ ದಾಟಿಸಬೇಕಿತ್ತು, ನಡುವೆ ಒಬ್ಬ ಮರೆತರೂ ಎಳೆ ಕಡಿಯಿತು. 2020ರಲ್ಲಿ ನೋಡ್‌ಗೆ ಅಸಿಂಕ್ ಲೋಕಲ್ ಸ್ಟೋರೇಜ್ ಬಂದ ಮೇಲೆ, ಕೋರಿಕೆ ಬಾಗಿಲು ದಾಟುವಾಗ ಒಮ್ಮೆ ಅಂಕಿ ಕೊಟ್ಟರೆ, ಅದರ ಹಿಂದೆ ನಡೆಯುವ ಎಲ್ಲ ಕೆಲಸದಲ್ಲೂ ಲಾಗರು ಅದನ್ನು ಕೇಳಿ ಪಡೆಯಬಹುದು. ಸರ್ವರು ದೊಡ್ಡದಾಗಿ, ಲಾಗನ್ನು ಮನುಷ್ಯರ ಬದಲು ಯಂತ್ರಗಳು ಓದುವ ಹಂತ ಬಂದರೆ ಪೀನೋ, ವಿನ್‌ಸ್ಟನ್ ಅಂಥ ಲಾಗ್ ಲೈಬ್ರರಿಗಳು ಇವೆ. ಅಲ್ಲಿಯವರೆಗೆ ಒಂದು ಟ್ಯಾಗು, ಒಂದು ಅಂಕಿ. ಎಷ್ಟೋ ಆ್ಯಪುಗಳ ಜೀವಮಾನ ಅಷ್ಟರಲ್ಲೇ ಕಳೆಯುತ್ತದೆ.

"ಒಂದು ಮಾತು ಕೇಳು," ಎಂದು ಅಂಕಲ್ ಕಾಂಪೌಂಡಿಗೆ ಇನ್ನೂ ಹತ್ತಿರ ಬಂದರು. "'ಇತರೆ' ಅಂತ ಒಂದು ಫೈಲ್ ತೆರೆಯೋಕೆ ಯಾರಿಗೂ ಬಿಡಬೇಡ."

ಬೆಚ್ಚಿಬಿದ್ದೆ. ನಮ್ಮ ಕೋಡಿನಲ್ಲಿ 'ಕಾಮನ್' ಇದೆ. 'ಹೆಲ್ಪರ್ಸ್' ಇದೆ. 'ಯುಟಿಲ್ಸ್' ಅಂತೂ ಎರಡಿದೆ. ಅವರ ಶಾಖೆಯಲ್ಲಿ ಇದ್ದ 'ಇತರೆ' ಕಡತ ದಪ್ಪವಾಗಿ ದಪ್ಪವಾಗಿ ನಾಲ್ಕು ಸಂಪುಟವಾಗಿತ್ತಂತೆ. ಯಾವ ಕಾಗದ ಸಿಗದಿದ್ದರೂ ಅದರಲ್ಲಿ ನೋಡಿ ಎನ್ನುತ್ತಿದ್ದರಂತೆ, ಅದರಲ್ಲಿ ನೋಡಲು ಹೋದವರು ಸಾಯಂಕಾಲದವರೆಗೂ ಈಚೆಗೆ ಬರುತ್ತಿರಲಿಲ್ಲವಂತೆ. ಟ್ಯಾಗಿನ ಹೆಸರು ಕೆಲಸದ ಹೆಸರಾಗಿರಬೇಕು: ಪಾವತಿ, ಹುಡುಕಾಟ, ಫೋಟೋ ಅಪ್‌ಲೋಡ್. ಬರೆದವನ ಹೆಸರನ್ನು ಟ್ಯಾಗಿಗೆ ಇಡುವವರೂ ಇದ್ದಾರೆ. ಆರು ತಿಂಗಳಲ್ಲಿ ಅವನು ಬೇರೆ ಕಂಪನಿಯಲ್ಲಿರುತ್ತಾನೆ, ಅವನ ಹೆಸರು ಮಾತ್ರ ನಮ್ಮ ಕನ್ಸೋಲಿನಲ್ಲಿ ನೇರಳೆ ಬಣ್ಣದಲ್ಲಿ ಮಿನುಗುತ್ತಿರುತ್ತದೆ.

ಆಂಟಿ ಒಳಗಿನಿಂದ ತಿಂಡಿ ಆರುತ್ತಿದೆ ಎಂದು ಕೂಗಿದರು. ಅಂಕಲ್ 'ಬಂದೆ' ಎಂದರೇ ಹೊರತು ಕದಲಲಿಲ್ಲ. ಅವರಿಗೆ ಈಗ ಸುರಕ್ಷತೆಯ ಯೋಚನೆ ಹತ್ತಿತ್ತು. ಬೇಡದವರು ಟಿಪ್ಪಣಿ ಓದಿದರೆ?

ಬೇಡದವರಿರಲಿ, ಬೇಕಾದವರು ಓದಿದರೂ ಕಷ್ಟವೇ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೆಲ್ಲ ಪಾಸ್‌ವರ್ಡ್ ಬದಲಿಸಿಕೊಳ್ಳಿ ಎಂದು ಹೇಳಬೇಕಾಯಿತು. ಯಾರೂ ಕನ್ನ ಹಾಕಿರಲಿಲ್ಲ. ಪಾಸ್‌ವರ್ಡನ್ನು ಗುರುತು ಸಿಗದಂತೆ ಕಲಸುವ ಮೊದಲೇ, ಇದ್ದದ್ದು ಇದ್ದ ಹಾಗೆ, ಒಳಗಿನ ಲಾಗೊಂದರಲ್ಲಿ ಅವರದೇ ಕೋಡು ಬರೆದಿಡುತ್ತಿತ್ತು. ಅದೇ ತಿಂಗಳ ಆರಂಭದಲ್ಲಿ ಗಿಟ್‌ಹಬ್‌ನವರೂ ಕೆಲವು ಬಳಕೆದಾರರಿಗೆ ಇಂಥದೇ ಕಾಗದ ಕಳಿಸಿದ್ದರು. ಇಂಥದ್ದನ್ನು ಮೊದಲೇ ಹಿಡಿಯಲು ಲಾಗಿನ್ ಶಾಖೆಯ ಟ್ಯಾಗೊಂದನ್ನೇ ಆನ್ ಮಾಡಿ, ಒಮ್ಮೆ ಲಾಗಿನ್ ಆಗಿ, ಏನೇನು ಉದುರುತ್ತದೆ ಎಂದು ಕೂತು ನೋಡುವುದು ಐದು ನಿಮಿಷದ ಕೆಲಸ. ಎಲ್ಲರ ಮಾತೂ ಒಟ್ಟಿಗೆ ಹರಿಯುವಲ್ಲಿ ಪಾಸ್‌ವರ್ಡ್ ಕಣ್ಣೆದುರೇ ಹಾದುಹೋದರೂ ಕಾಣುವುದಿಲ್ಲ.

ಇನ್ನು ಲೈಬ್ರರಿಯನ್ನೇ ನಂಬಬಹುದೇ? 2025ರ ಸೆಪ್ಟೆಂಬರ್ 8ರಂದು ಡೀಬಗ್ ಲೈಬ್ರರಿಗೇ ಕೆಟ್ಟ ಗಳಿಗೆ ಬಂತು. ಅದನ್ನು ನೋಡಿಕೊಳ್ಳುವವರಿಗೆ, ಲೈಬ್ರರಿಗಳನ್ನು ಹಂಚುವ ಎನ್‌ಪಿಎಂ ಸಂಸ್ಥೆಯಿಂದಲೇ ಬಂದಂತೆ ಕಾಣುವ ಕಳ್ಳ ಇಮೇಲ್ ಹೋಯಿತು, ಖಾತೆ ಕಳ್ಳರ ಕೈಗೆ ಸಿಕ್ಕಿತು. ಡೀಬಗ್‌ನ 4.4.2ನೇ ಆವೃತ್ತಿ ಎಂದು ಕಳ್ಳಮಾಲು ಹೊರಬಿತ್ತು. ಚಾಕ್ ಎಂಬ ಇನ್ನೊಂದು ಜನಪ್ರಿಯ ಲೈಬ್ರರಿಯೂ ಸೇರಿ ಒಟ್ಟು 18 ಪ್ಯಾಕೇಜುಗಳಿಗೆ ಅದೇ ಗತಿ. ಬ್ರೌಸರಿನಲ್ಲಿ ಯಾರಾದರೂ ಕ್ರಿಪ್ಟೊ ಹಣ ಕಳಿಸುತ್ತಿದ್ದರೆ ಪಡೆಯುವವರ ವಿಳಾಸವನ್ನು ಸದ್ದಿಲ್ಲದೆ ಬದಲಿಸುವುದು ಆ ಕಳ್ಳಮಾಲಿನ ಕಸುಬು. ಆ ಪ್ಯಾಕೇಜುಗಳೆಲ್ಲ ಸೇರಿ ವಾರಕ್ಕೆ 200 ಕೋಟಿಗೂ ಹೆಚ್ಚು ಸಲ ಇಳಿಯುವಂಥವು. ಕೆಲವೇ ಗಂಟೆಗಳಲ್ಲಿ ಸಿಕ್ಕಿಬಿದ್ದು ತೆಗೆದುಹಾಕಿದರು, ಸದ್ಯ. ಹೆಸರಿನ ಮುಂದೆ ಆವೃತ್ತಿಯ ಅಂಕಿಯನ್ನು ಗಟ್ಟಿಯಾಗಿ ಕಟ್ಟಿ, ಲಾಕ್‌ಫೈಲ್ ಇಟ್ಟುಕೊಂಡು, ಹೊಸದು ಬಂದ ದಿನವೇ ಎಳೆದುಕೊಳ್ಳದೆ ಇದ್ದವರಿಗೆ ಏನೂ ಆಗಲಿಲ್ಲ. ಹಾಗೆಂದು ಎಲ್ಲವನ್ನೂ ಕೈಯಾರೆ ಬರೆಯುತ್ತೇನೆ ಎಂದು ಹೊರಡುವುದೂ ನನಗೆ ಒಪ್ಪಿಗೆಯಿಲ್ಲ. ಆದರೆ ಹತ್ತು ಸಾಲಿನ ಬ್ರೌಸರ್ ಲಾಗರಿಗಂತೂ ಇನ್ನೊಬ್ಬರ ಮನೆ ಕೀಲಿ ಯಾಕೆ?

"ಆಯ್ತು. ಹೆಸರು ಹಾಕಿ, ಅಂಕಿ ಹಾಕಿ, ವಿಂಗಡಿಸಿ ಇಟ್ರಿ," ಎಂದರು ಅಂಕಲ್. "ರೆಕಾರ್ಡ್ ರೂಮಿಗೆ ಯಾವಾಗ ಕಳಿಸ್ತೀರಿ? ನಮ್ಮಲ್ಲಿ ವರ್ಗ ಮಾಡ್ತಿದ್ವಿ. ಎ ವರ್ಗ ಅಂದ್ರೆ ಶಾಶ್ವತ. ಬಾಕಿದಕ್ಕೆಲ್ಲ ಇಷ್ಟಿಷ್ಟು ವರ್ಷ ಅಂತ."

"ಇದರಲ್ಲೂ ಟ್ಯಾಗ್ ನೋಡಿ ಮಾಡಬಹುದು ಅಂಕಲ್. ಪಾವತೀದು ಜಾಸ್ತಿ ದಿನ ಇಡ್ತೀವಿ. ಬುಟ್ಟೀದು, ಹುಡುಕಾಟದ್ದು ಹದಿನೈದು ದಿನ, ಆಮೇಲೆ ಅಳಿಸಿಬಿಡ್ತೀವಿ."

"ಅಳಿಸೋ ಪಟ್ಟಿಗೆ ಯಾರು ಸಹಿ ಮಾಡ್ತಾರೆ?"

"ಪಟ್ಟಿ ಗಿಟ್ಟಿ ಇಲ್ಲ. ದಿನ ಮುಗಿದ ತಕ್ಷಣ ತಾನೇ ಅಳಿಸಿ ಹೋಗತ್ತೆ."

ಅವರು ನನ್ನ ಮುಖವನ್ನೇ ನೋಡಿದರು. ಬ್ರೌಸರು ಸುಳ್ಳು ಹೇಳುವುದನ್ನು ಸಹಿಸಿಕೊಂಡಿದ್ದರು, ಕಳ್ಳ ಇಮೇಲನ್ನು ಸಹಿಸಿಕೊಂಡಿದ್ದರು.

"ಪಟ್ಟಿ ಇಲ್ಲ, ಸಹಿ ಇಲ್ಲ, ಹಂಗೇ ನಾಶ! ನಿಮ್ಮ ಮೇಲೆ ಇಲಾಖಾ ವಿಚಾರಣೆ ಆಗಲ್ವೇನಮ್ಮಾ?"